ಒಂದು ಹಾವನ್ನು ಕೊಂದರೆ ಇನ್ನೊಂದು ಸೇಡಿಗೆ ಬರುತ್ತಾ?

ಪ್ರಶ್ನೆ: ಹಿತ್ತಲಲ್ಲಿ ನಾಗರಹಾವನ್ನು ಕೊಂದರು. ನಾಲ್ಕು ದಿನದಲ್ಲಿ ಅದೇ ಜಾಗಕ್ಕೆ ಇನ್ನೊಂದು ಬಂತು. ಅದು ಸೇಡು ತೀರಿಸಿಕೊಳ್ಳಲು ಬಂದ ಜೋಡಿಯಾ?

ಅಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಹೆಡೆ ಎತ್ತುತ್ತದೆ. ಹಾವಿನ ದ್ವೇಷ ಹನ್ನೆರಡು ವರ್ಷ ಅಂತ ಅಜ್ಜಿ ಹೇಳಿದ್ದಾರೆ, ಸಿನಿಮಾದವರೂ ತೋರಿಸಿದ್ದಾರೆ. ಪಾಪ, ಹಾವಿಗೆ ಮಾತ್ರ ಯಾರೂ ತಿಳಿಸಿಲ್ಲ. (ಅಂದ ಹಾಗೆ, ನಾಗರಹಾವನ್ನು ಕೊಲ್ಲುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ.)

ಕೊಂದವನ ಚಿತ್ರ ಹಾವಿನ ಕಣ್ಣಲ್ಲಿ ಅಚ್ಚಾಗುತ್ತದಂತೆ! ಹಾವಿನ ಪೊರೆ ಸಿಕ್ಕರೆ ತಲೆಯ ಭಾಗ ನೋಡಿ. ಕಣ್ಣಿದ್ದ ಕಡೆ ವಾಚಿನ ಗಾಜಿನ ಹಾಗೆ ಎರಡು ಪಾರದರ್ಶಕ ಹುರುಪೆ ಕಾಣುತ್ತವೆ. ಹಾವಿಗೆ ರೆಪ್ಪೆ ಇಲ್ಲ, ಕಣ್ಣು ಕಾಯುವುದು ಅದೇ. ಪೊರೆ ಬಿಟ್ಟಾಗಲೆಲ್ಲ ಅದೂ ಕಳಚಿ ಬೀಳುತ್ತದೆ. ಒಳಗಿನ ಕಣ್ಣೂ ನಮ್ಮ ಕಣ್ಣಿನಂತೆಯೇ ಎದುರಿಗಿರುವುದನ್ನು ನೋಡುತ್ತದೆ, ಫೋಟೋ ತೆಗೆದಿಡುವುದಿಲ್ಲ. ಮುಖ ನೆನಪಿಟ್ಟು, ಮನೆ ಹುಡುಕಿ, ವರ್ಷಗಟ್ಟಲೆ ಹೊಂಚು ಹಾಕುವ ಬುದ್ಧಿ ಆ ಮಿದುಳಿಗಿಲ್ಲ. ಅಷ್ಟು ಪುರುಸೊತ್ತು ಇರುವುದು ಮನುಷ್ಯರಿಗೆ ಮಾತ್ರ.

ಹಾಗಾದರೆ ಎರಡನೆಯದು ಯಾಕೆ ಬಂತು? ನಾಲಿಗೆಯಿಂದ. ಹಾವು ಆಗಾಗ ನಾಲಿಗೆ ಚಾಚುವುದು ಕುಟುಕಲಿಕ್ಕಲ್ಲ, ಹೆದರಿಸಲಿಕ್ಕೂ ಅಲ್ಲ. ಗಾಳಿ, ನೆಲದಲ್ಲಿರುವ ವಾಸನೆಯ ಕಣಗಳನ್ನು ಒಳಗೆಳೆದು ಅಂಗುಳಲ್ಲಿರುವ ಜೇಕಬ್‌ಸನ್ ಅಂಗಕ್ಕೆ ಮುಟ್ಟಿಸಲಿಕ್ಕೆ. ನಾಲಿಗೆ ಸೀಳಿರುವುದಕ್ಕೂ ಕಾರಣ ಇದೆ. ಎಡ ತುದಿಗೆ ವಾಸನೆ ಜಾಸ್ತಿ ಸಿಕ್ಕಿದರೆ ಎಡಕ್ಕೆ, ಬಲಕ್ಕೆ ಸಿಕ್ಕಿದರೆ ಬಲಕ್ಕೆ. ಇಲಿ ಓಡಿದ ಜಾಡು ಹಿಡಿಯುವುದು ಹೀಗೆ. ಕೂಡುವ ಕಾಲದಲ್ಲಿ ಗಂಡು ಹೆಣ್ಣಿನ ಜಾಡು ಹಿಡಿಯುವುದೂ ಹೀಗೇ. ಕೊಂದದ್ದು ಹೆಣ್ಣಾಗಿದ್ದರೆ, ಅದು ಹರಿದಾಡಿದ ದಾರಿಯಲ್ಲಿ ಗಂಡು ಬರಬಹುದು. ಇಲ್ಲವಾದರೆ ಇನ್ನೂ ಸರಳ: ಮೊದಲನೆಯದನ್ನು ಕರೆತಂದ ಇಲಿಗಳು ನಿಮ್ಮ ಹಿತ್ತಲಲ್ಲಿ ಇನ್ನೂ ಇವೆ ಅಲ್ವಾ?

ಪಶ್ಚಿಮ ಘಟ್ಟದ ಮಲಬಾರ್ ಗುಳಿಮಂಡಲಕ್ಕೆ ಇನ್ನೊಂದು ಸೌಕರ್ಯ ಉಂಟು. ಕಣ್ಣು, ಮೂಗಿನ ನಡುವಿನ ಗುಳಿಯಿಂದ ಬೇಟೆಯ ಮೈಬಿಸಿಯನ್ನು ಕತ್ತಲಲ್ಲೂ ಗುರುತಿಸುತ್ತದೆ. ನಾಗರಹಾವಿಗೂ ಕೊಳಕುಮಂಡಲಕ್ಕೂ ಅದಿಲ್ಲ.

ವಾಸನೆ ಅಂದ ಕೂಡಲೇ ಮುಂದಿನ ಪ್ರಶ್ನೆ ನನಗೆ ಗೊತ್ತು: ಬೆಳ್ಳುಳ್ಳಿ ನೀರು ಚೆಲ್ಲಿದರೆ, ಈಶ್ವರಿ ಬಳ್ಳಿ ನೆಟ್ಟರೆ ಹಾವು ಬರಲ್ವಾ? ಅದನ್ನೆಲ್ಲ ನೆಚ್ಚಿ ಕೂರಬೇಡಿ. ಸೌದೆ ರಾಶಿಯನ್ನು ಗೋಡೆಯಿಂದ ದೂರ ಇಡಿ, ಚೆಲ್ಲಿದ ಕಾಳು ಗುಡಿಸಿ, ಇಲಿ ಬಿಲ ಮುಚ್ಚಿ. ಆದರೆ ನೆಟ್ಟ ಈಶ್ವರಿ ಬಳ್ಳಿಯನ್ನು ಸುಮ್ನೆ ಕೀಳಬೇಡಿ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡುವುದು ಆ ಜಾತಿಯ ಬಳ್ಳಿಗಳ ಮೇಲೆಯೇ.