ಮಾಗಿಯ ಬೆಳಕು, ಜೇಬಿನ ಕ್ಯಾಮೆರಾ

ಜನವರಿಯ ಕೊನೆ ವಾರ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಆರೂವರೆಗೆ ಹೋಗಿ ನಿಂತರೆ ಸೂರ್ಯ ಇನ್ನೂ ಬಂದಿರುವುದಿಲ್ಲ. ವರ್ಷದ ಅತಿ ಚಿಕ್ಕ ಹಗಲು ಡಿಸೆಂಬರ್ 21ರ ಆಸುಪಾಸಿನಲ್ಲೇ ಕಳೆದು ಹೋಗಿರುತ್ತದೆ. ಆದರೂ ಮೈಸೂರಿನಲ್ಲಿ ಸೂರ್ಯ ಎಲ್ಲಕ್ಕಿಂತ ತಡವಾಗಿ ಹುಟ್ಟುವುದು ಅದಾಗಿ ತಿಂಗಳ ಮೇಲೆ. ಆಗ ಗಡಿಯಾರ 6.45 ದಾಟಿರುತ್ತದೆ. ಭೂಮಿ ಸೂರ್ಯನನ್ನು ಸುತ್ತುವ ದಾರಿ ಪೂರ್ತಿ ದುಂಡಗಿಲ್ಲ. ಅದರ ಅಕ್ಷವೂ ವಾಲಿದೆ. ಹಾಗಾಗಿ ಸೂರ್ಯನ ನಡುಹಗಲು ನಮ್ಮ ಗಡಿಯಾರದ ಜೊತೆ ಸರಿಯಾಗಿ ಹೆಜ್ಜೆ ಹಾಕುವುದಿಲ್ಲ. ಈ ದಿನಗಳಲ್ಲಿ ಅದು ಹಿಂದೆ ಬೀಳುತ್ತದೆ. ಫೋಟೊ ತೆಗೆಯುವವರಿಗೆ ಇದರಿಂದ ಒಂದು ಅನುಕೂಲ ಇದೆ. ವರ್ಷದ ಅತಿ ಚೆಂದದ ಬೆಳಕಿಗಾಗಿ ಐದು ಗಂಟೆಗೆ ಏಳಬೇಕಾಗಿಲ್ಲ.

ನನ್ನ ಹತ್ತಿರ ಇರುವುದು ಜೇಬಿನಲ್ಲಿ ಹಿಡಿಸುವ ಹಳೇ ಡಿಜಿಟಲ್ ಕ್ಯಾಮೆರಾ ಒಂದು, ಮೊಬೈಲ್ ಒಂದು. ಮಾಗಿಯಲ್ಲಿ ಇವೆರಡೇ ಸಾಕು ಎಂದು ನಾನು ನಿಜಕ್ಕೂ ನಂಬಿದ್ದೇನೆ. ನಮ್ಮಲ್ಲಿ ಹಿಮ ಬೀಳುವುದಿಲ್ಲ. ನಮ್ಮ ಚಳಿಗಾಲದ ಚೆಲುವೆಲ್ಲ ಓರೆಯಾಗಿ ಬೀಳುವ ಬಿಸಿಲು ಮತ್ತು ಸಣ್ಣ ಸಣ್ಣ ನೀರಹನಿ ಸೇರಿ ಆಗುವಂಥದ್ದು. ಸೂರ್ಯ ಎಲ್ಲಿದ್ದಾನೆ, ನಾವು ಎಲ್ಲಿ ನಿಂತಿದ್ದೇವೆ ಅನ್ನುವುದರ ಮೇಲೆ ಮುಕ್ಕಾಲು ಪಾಲು ಫೋಟೊ ನಿರ್ಧಾರವಾಗಿಬಿಡುತ್ತದೆ. ಲೆನ್ಸಿನ ಬೆಲೆ ಆಮೇಲಿನ ಮಾತು.

ಕೆರೆಯಿಂದಲೇ ಶುರು ಮಾಡೋಣ. ಮೋಡವಿಲ್ಲದ ರಾತ್ರಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಬೇಗ ತಣ್ಣಗಾಗುತ್ತದೆ. ನೀರು ಅಷ್ಟು ಬೇಗ ತಣಿಯುವುದಿಲ್ಲ. ಬೆಳಗಿನ ಜಾವ ದಡದ ತಣ್ಣನೆ ಗಾಳಿ ಬೆಚ್ಚಗಿನ ನೀರಿನ ಮೇಲೆ ಸರಿದಾಗ, ನೀರಿನಿಂದ ಏಳುವ ಆವಿ ಅಲ್ಲೇ ಹನಿಗಟ್ಟಿ ಹೊಗೆಯಾಡಿದಂತೆ ಕಾಣುತ್ತದೆ. ಬಚ್ಚಲ ಹಂಡೆಯ ಮುಚ್ಚಳ ತೆಗೆದಾಗ ಕಾಣುವುದೂ ಇದೇ ಅಲ್ವಾ? ಮೊದಲ ಸಲ ಇದನ್ನು ತೆಗೆದು ಮನೆಗೆ ಬಂದು ನೋಡಿದಾಗ ನನಗೆ ಅಳು ಬರುವುದೊಂದು ಬಾಕಿ. ಬೆಳ್ಳಗೆ ಹೊಳೆಯುತ್ತಿದ್ದ ಕಾವಳ ಫೋಟೊದಲ್ಲಿ ಬೂದಿ ಬಣ್ಣಕ್ಕೆ ತಿರುಗಿತ್ತು.

ತಪ್ಪು ಎಲ್ಲಿತ್ತು ಅಂತ ಆಮೇಲೆ ತಿಳಿಯಿತು. ಎದುರಿಗೆ ಇರುವುದು ಏನು ಅಂತ ಕ್ಯಾಮೆರಾದ ಬೆಳಕಿನ ಮಾಪಕಕ್ಕೆ ಗೊತ್ತಿಲ್ಲ. ಎಲ್ಲವನ್ನೂ ಸರಾಸರಿ ಮಾಡಿದರೆ ಮಧ್ಯಮ ಬೂದು ಬಣ್ಣ ಬರಬೇಕು ಎಂಬ ಲೆಕ್ಕದಲ್ಲಿ ಅದು ಕೆಲಸ ಮಾಡುತ್ತದೆ. ಪೂರ್ತಿ ಬಿಳಿ ತೋರಿಸಿದರೆ ಬೆಳಕು ಜಾಸ್ತಿಯಾಯಿತು ಎಂದುಕೊಂಡು ಕಡಿಮೆ ಮಾಡುತ್ತದೆ. ಕಾವಳವೋ ಬೆಳ್ಳಗೇ ಇರಬೇಕು. ಅದರ ಹನಿಗಳು ಬೆಳಕಿನ ಅಲೆಗಿಂತ ತುಂಬಾ ದಪ್ಪ, ಹಾಗಾಗಿ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ಚೆದುರಿಸುತ್ತವೆ. ಮೊಬೈಲಿನಲ್ಲಿ ಪರದೆಯನ್ನು ಬೆರಳಿನಿಂದ ಮುಟ್ಟಿದರೆ ಪುಟ್ಟ ಸೂರ್ಯನ ಗುರುತು ಬರುತ್ತದೆ. ಅದನ್ನು ಸ್ವಲ್ಪ ಮೇಲಕ್ಕೆ ಎಳೆಯಿರಿ. ಕ್ಯಾಮೆರಾದಲ್ಲಾದರೆ ಪ್ಲಸ್-ಮೈನಸ್ ಗುಂಡಿಯಲ್ಲಿ ಪ್ಲಸ್ ಒಂದಕ್ಕೆ ಇಡಿ. ಕಾವಳ ಮತ್ತೆ ಬೆಳ್ಳಗಾಗುತ್ತದೆ.

ಸೂರ್ಯ ಹುಟ್ಟಿದ ಮೇಲೆ ಇನ್ನೊಂದು ತೊಂದರೆ ಎದುರಾಗುತ್ತದೆ. ದಿಗಂತದ ಸೂರ್ಯನ ಬೆಳಕು, ನೆತ್ತಿಯ ಮೇಲಿನ ಸೂರ್ಯನಿಗೆ ಹೋಲಿಸಿದರೆ ಸುಮಾರು 38 ಪಟ್ಟು ಜಾಸ್ತಿ ಗಾಳಿಯನ್ನು ದಾಟಿ ಬರುತ್ತದೆ. ದಾರಿಯಲ್ಲಿ ನೀಲಿ ಚೆದುರಿ ಹೋಗುತ್ತದೆ, ಕೆಂಪು ಮತ್ತು ಹಳದಿ ಉಳಿಯುತ್ತವೆ. ಆ ಬಂಗಾರದ ಬಣ್ಣವೇ ನಮಗೆ ಬೇಕಾದದ್ದು. ಆದರೆ ಬಣ್ಣವನ್ನು ತಾನೇ ಸರಿಪಡಿಸುವ ಕ್ಯಾಮೆರಾದ ಆಟೊ ವೈಟ್ ಬ್ಯಾಲೆನ್ಸ್ ಅದನ್ನು ದೋಷ ಎಂದು ತಿಳಿದು ತೊಳೆದುಹಾಕಲು ನೋಡುತ್ತದೆ. ಅದನ್ನು ಡೇಲೈಟ್‌ಗೆ ಬದಲಿಸಿ ಸುಮ್ನೆ ಬಿಟ್ಟುಬಿಡಿ.

ಮೈಸೂರು ಇರುವುದು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಲ್ಲಿ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲೇ ಇರುತ್ತಾನೆ, ನೆರಳು ಕಾಲಡಿಗೆ ಸೇರಿಕೊಳ್ಳುತ್ತದೆ. ಡಿಸೆಂಬರ್ 21ರ ಆಸುಪಾಸಿನಲ್ಲಿ ಅವನು ಮಧ್ಯಾಹ್ನವೂ ಸುಮಾರು 54 ಡಿಗ್ರಿಯಷ್ಟೇ ಏರುತ್ತಾನೆ. 10 ಅಡಿ ಎತ್ತರದ ಗಿಡಕ್ಕೆ ಆಗಲೂ 7 ಅಡಿ ನೆರಳಿರುತ್ತದೆ. ಚಾಮುಂಡಿ ಬೆಟ್ಟದ ಬಂಡೆಗಳ ಉಬ್ಬು ತಗ್ಗು, ಹುಣಸೆ ಮರದ ತೊಗಟೆಯ ಸೀಳು ಎಲ್ಲ ಎದ್ದು ಕಾಣುವುದು ಈ ಓರೆ ಬಿಸಿಲಿಗೇ. ಇವಕ್ಕೆ ಸೂರ್ಯ ನಿಮ್ಮ ಎಡಕ್ಕೋ ಬಲಕ್ಕೋ ಇರಲಿ.

ಇನ್ನು ಮಂಡ್ಯದ ಕಡೆ ಬರುತ್ತೇನೆ. ಅಲ್ಲಿ ಕಲಿತ ಒಂದು ಪಾಠ ನನ್ನ ಕಣ್ಣನ್ನೇ ಬದಲಿಸಿತು. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟಿದ್ದ ವರ್ಷ ಅದು. ಗದ್ದೆಯ ಮೂಲೆಯಲ್ಲಿ ಭತ್ತದ ಒಟ್ಲು ಹಾಕಿದ್ದರು. ಎಳೇ ಪೈರಿನ ಪ್ರತಿ ಎಲೆಯ ತುದಿಯಲ್ಲೂ ಒಂದೊಂದು ಹನಿ. ಬದುವಿನ ಮೇಲೆ ಮೊಣಕಾಲೂರಿ ಫೋಟೊ ತೆಗೆಯುತ್ತಾ, "ಇಬ್ಬನಿ ಎಷ್ಟು ಚೆನ್ನಾಗಿ ಬಿದ್ದಿದೆ" ಅಂದೆ. ನೀರು ಕಟ್ಟಲು ಬಂದಿದ್ದ ಹಿರಿಯರು ನಕ್ಕರು. "ಅದು ಇಬ್ಬನಿ ಅಲ್ಲ ಕಣಪ್ಪ. ಪೈರೇ ಒಳಗಿಂದ ಬಿಟ್ಟಿರೋ ನೀರು. ಒರೆಸಿ ನೋಡು, ಮತ್ತೆ ಬತ್ತದೆ."

ಒರೆಸಿದೆ. ಕಾದು ಕುಳಿತೆ. ಎಲೆಯ ತುದಿಯಲ್ಲಿ ಮತ್ತೆ ಸಣ್ಣದಾಗಿ ನೀರು ಊರತೊಡಗಿತು.

ಅವರು ಹೇಳಿದ್ದು ಸರಿ. ರಾತ್ರಿ ಎಲೆಯ ರಂಧ್ರಗಳು ಹೆಚ್ಚುಕಡಿಮೆ ಮುಚ್ಚಿರುತ್ತವೆ, ನೀರು ಆವಿಯಾಗಿ ಹೋಗುವುದಿಲ್ಲ. ಒದ್ದೆ ಮಣ್ಣಿನಲ್ಲಿರುವ ಬೇರುಗಳು ಮಾತ್ರ ನೀರು ಹೀರಿ ಮೇಲಕ್ಕೆ ಒತ್ತುತ್ತಲೇ ಇರುತ್ತವೆ. ಆ ಒತ್ತಡಕ್ಕೆ ಎಲೆಯ ತುದಿ ಮತ್ತು ಅಂಚಿನಲ್ಲಿರುವ ವಿಶೇಷ ರಂಧ್ರಗಳಿಂದ ನೀರು ಹೊರಬರುತ್ತದೆ. ಇದರಲ್ಲಿ ಸ್ವಲ್ಪ ಲವಣವೂ ಇರುತ್ತದೆ. ಇಬ್ಬನಿ ಹಾಗಲ್ಲ. ಅದು ಗಾಳಿಯ ತೇವ ತಣ್ಣನೆ ಎಲೆಯ ಮೇಲೆ ಕೂತದ್ದು, ಎಲೆ ತುಂಬಾ ಸಣ್ಣ ಸಣ್ಣ ಹನಿಯಾಗಿ ಹರಡಿರುತ್ತದೆ. ತುದಿಯಲ್ಲಿ ಒಂದೇ ದಪ್ಪ ಹನಿ ನಿಂತಿದ್ದರೆ, ಸಾಲು ಸಾಲಾಗಿ ಎಲ್ಲ ಎಲೆಯಲ್ಲೂ ಹಾಗೇ ಇದ್ದರೆ, ಅದು ಗಿಡದ್ದೇ ನೀರು. ಈಗ ಈ ಹನಿಗಳನ್ನು ತೆಗೆಯುವಾಗ ನಾನು ತೆಗೆಯುತ್ತಿರುವುದು ಬೇರಿನ ರಾತ್ರಿಪಾಳಿಯ ಕೆಲಸವನ್ನು ಅನ್ನಿಸುತ್ತದೆ.

ಹನಿಯ ಫೋಟೊಗೆ ಚಿಕ್ಕ ಕ್ಯಾಮೆರಾವೇ ವಾಸಿ. ಮೊಬೈಲಿನ ಮುಖ್ಯ ಲೆನ್ಸಿನ ನಾಭಿದೂರ ಸಾಮಾನ್ಯವಾಗಿ 5ರಿಂದ 7 ಮಿಲಿಮೀಟರ್ ಅಷ್ಟೇ. ಲೆನ್ಸ್ ಚಿಕ್ಕದಾದಷ್ಟೂ ಹತ್ತಿರದ್ದು ದೂರದ್ದು ಎರಡೂ ಸ್ಪಷ್ಟವಾಗಿ ಬರುವ ಸಾಧ್ಯತೆ ಹೆಚ್ಚು. ಹನಿಯ ಜೊತೆ ಹಿಂದಿನ ತೆಂಗಿನ ಸಾಲೂ ಗುರುತು ಸಿಗುವಂತೆ ಬರುತ್ತದೆ. ಹನಿಯೊಳಗೆ ಇಣುಕಿದರೆ ಅದೇ ತೆಂಗಿನ ಸಾಲು ತಲೆಕೆಳಗಾಗಿ ನಿಂತಿರುತ್ತದೆ. ದುಂಡನೆ ಹನಿ ತಾನೇ ಒಂದು ಲೆನ್ಸ್. ಪಾಕೆಟ್ ಕ್ಯಾಮೆರಾದಲ್ಲಿ ಪುಟ್ಟ ಹೂವಿನ ಗುರುತು ಇರುತ್ತದಲ್ಲ, ಅದನ್ನು ಒತ್ತಿದರೆ ಹನಿಯ ತೀರಾ ಹತ್ತಿರಕ್ಕೆ ಹೋಗಬಹುದು. ಉಸಿರು ತಾಗಿದರೆ ಲೆನ್ಸ್ ಮಬ್ಬಾಗುತ್ತದೆ, ಅದನ್ನು ನೋಡಿಕೊಳ್ಳಿ. ಜೇಬಿನಲ್ಲಿಟ್ಟ ಮೊಬೈಲಿನ ಲೆನ್ಸಿಗೆ ಬೆರಳಿನ ಎಣ್ಣೆ ಅಂಟಿರುವುದು ಸಾಮಾನ್ಯ. ಮೆತ್ತನೆ ಹತ್ತಿ ಬಟ್ಟೆಯಿಂದ ಒಂದು ಸಲ ಒರೆಸಿ.

ಮಂಡ್ಯದ ಬೆಳಗಿಗೆ ಆಲೆಮನೆಯ ಹೊಗೆ ಬೇಕೇ ಬೇಕು. ಚಳಿಗಾಲದ ಬೆಳಗ್ಗೆ ಈ ಹೊಗೆ ನೆಟ್ಟಗೆ ಮೇಲೆದ್ದು, ಸ್ವಲ್ಪ ಎತ್ತರದಲ್ಲಿ ಯಾರೋ ಅಂಗೈ ಅಡ್ಡ ಹಿಡಿದಂತೆ ನಿಂತು ಚಪ್ಪಟೆಯಾಗಿ ಹರಡುತ್ತದೆ. ಸಾಮಾನ್ಯವಾಗಿ ಮೇಲೆ ಹೋದಂತೆ ಗಾಳಿ ತಣ್ಣಗಾಗಬೇಕು. ಆದರೆ ನೆಲ ತಣಿದ ರಾತ್ರಿಗಳಲ್ಲಿ ಕೆಳಗಿನ ಗಾಳಿ ತಣ್ಣಗಿದ್ದು ಮೇಲಿನದು ಬೆಚ್ಚಗಿರುತ್ತದೆ. ಮೇಲೇರುತ್ತಾ ತಣಿಯುವ ಹೊಗೆಗೆ ಆ ಬೆಚ್ಚಗಿನ ಪದರವನ್ನು ದಾಟುವ ಶಕ್ತಿ ಉಳಿಯುವುದಿಲ್ಲ. ಕಬ್ಬಿನ ಗದ್ದೆಯ ಮೇಲೆ ಒಂದು ಗೆರೆ ಎಳೆದಂತೆ ಕಾಣುವ ಈ ಹೊಗೆಯ ಪದರವನ್ನು ಅಗಲದ ಚೌಕಟ್ಟಿನಲ್ಲಿ ತೆಗೆಯಿರಿ. ತೆಳುವಾದ ಹೊಗೆ ಕಪ್ಪು ಮರಗಳ ಮುಂದೆ ನೀಲಿಯಾಗಿ ಕಾಣುತ್ತದೆ. ಅದೇ ಹೊಗೆ ಬೆಳಗುವ ಆಕಾಶದ ಮುಂದೆ ಕಂದು ಹಳದಿ. ಸಣ್ಣ ಕಣಗಳು ನೀಲಿಯನ್ನು ಪಕ್ಕಕ್ಕೆ ಚೆದುರಿಸಿ, ಉಳಿದದ್ದನ್ನು ನೇರ ಬಿಡುತ್ತವೆ. ಹಗಲು ಚಿಕ್ಕದಾಗುವುದನ್ನು ಗುರುತಿಸಿ ಹೂ ಬಿಡುವ ಕಬ್ಬು ಈ ಹೊತ್ತಿಗೆ ಬೆಳ್ಳಿ ಗರಿ ಎತ್ತಿ ನಿಂತಿರುತ್ತದೆ. ಅದನ್ನು ಸೂರ್ಯನಿಗೆ ಎದುರಾಗಿ ನಿಂತೇ ತೆಗೆಯಬೇಕು.

ಹಕ್ಕಿಗಳ ವಿಷಯದಲ್ಲಿ ಮಾತ್ರ ಚಿಕ್ಕ ಕ್ಯಾಮೆರಾಗೆ ಮಿತಿ ಇದೆ. ನಂಜನಗೂಡಿನ ಬಳಿಯ ಹದಿನಾರು ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಊರೊಳಗಿನ ಮರಗಳ ಮೇಲೇ ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. ದಯವಿಟ್ಟು ಹತ್ತಿರ ಹೋಗಿ ಅವನ್ನು ಎಬ್ಬಿಸಬೇಡಿ. ದೂರದಿಂದಲೇ ಕೆರೆ, ಆಕಾಶ, ಅದರ ನಡುವೆ ಚುಕ್ಕೆಗಳಂತೆ ಹಿಂಡು, ಇಷ್ಟನ್ನು ತೆಗೆದರೂ ಅದು ಪೂರ್ತಿ ಫೋಟೊನೇ.

ಕೊನೆಗೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಇದಕ್ಕೆ ಸೂರ್ಯ ಬೆನ್ನ ಹಿಂದೆ ಇರಬೇಕು. ಇಬ್ಬನಿ ಚೆನ್ನಾಗಿ ಬಿದ್ದ ಹುರುಳಿ ಹೊಲವೋ ಹುಲ್ಲುಗಾವಲೋ ಮುಂದಿರಬೇಕು. ಸೂರ್ಯ ಹುಟ್ಟಿ ಅರ್ಧ ಗಂಟೆಯಾದಾಗ ನಿಮ್ಮ ನೆರಳು ನಿಮಗಿಂತ ಸುಮಾರು 9 ಪಟ್ಟು ಉದ್ದ ಇರುತ್ತದೆ. ಆ ನೆರಳಿನ ತಲೆಯ ಸುತ್ತ ನೋಡಿ. ಅಲ್ಲಿ ಎಲೆಗಳು ಬೇರೆ ಕಡೆಗಿಂತ ಬೆಳ್ಳಗೆ ಹೊಳೆಯುತ್ತಿರುತ್ತವೆ. ನೀವು ನಡೆದರೆ ಪ್ರಭೆಯೂ ನಡೆಯುತ್ತದೆ. ಪಕ್ಕದಲ್ಲಿ ನಿಂತವರ ನೆರಳಿನ ಸುತ್ತ ನಿಮಗೆ ಅದು ಕಾಣದು. ಅವರನ್ನು ಕೇಳಿದರೆ, ಅವರಿಗೆ ಕಾಣುವುದು ಅವರ ತಲೆಯ ಸುತ್ತ ಮಾತ್ರ! 16ನೇ ಶತಮಾನದ ಇಟಲಿಯ ಶಿಲ್ಪಿ ಬೆನ್ವೆನುಟೊ ಚೆಲ್ಲೀನಿ ಇದನ್ನು ಕಂಡು ತನಗೆ ದಕ್ಕಿದ ದೈವಕೃಪೆ ಎಂದೇ ನಂಬಿದ್ದ. ಜರ್ಮನ್ ಭಾಷೆಯಲ್ಲಿ ಇದನ್ನು ಹೈಲಿಗನ್‌ಶೈನ್ ಅನ್ನುತ್ತಾರೆ, ಸಂತರ ಪ್ರಭೆ ಎಂದು ಅರ್ಥ.

ಹುರುಳಿ ಎಲೆಯ ಮೇಲೆ ನವಿರಾದ ಕೂದಲಿದೆ. ಹನಿಗಳು ಅದರ ಮೇಲೆ ಎಲೆಗೆ ಪೂರ್ತಿ ಅಂಟದೆ ದುಂಡಗೆ ಕೂರುತ್ತವೆ. ಪ್ರತಿ ಹನಿಯೂ ಬಿಸಿಲನ್ನು ಹಿಂದಿನ ಎಲೆಯ ಮೇಲೆ ಒಂದು ಚುಕ್ಕೆಯಾಗಿ ಕೂಡಿಸುತ್ತದೆ. ಆ ಚುಕ್ಕೆಯ ಬೆಳಕು ಅದೇ ಹನಿಯ ಮೂಲಕ ಬಂದ ದಾರಿಯಲ್ಲೇ, ಅಂದರೆ ಸೂರ್ಯನ ಕಡೆಗೇ, ವಾಪಸ್ ಹೋಗುತ್ತದೆ. ಆ ದಾರಿಯಲ್ಲಿ ಯಾರ ಕಣ್ಣಿದೆಯೋ ಅವರಿಗೆ ಹೊಳಪು ಕಾಣುತ್ತದೆ.

ಇದನ್ನು ತೆಗೆಯಲು ಪ್ರಭೆ ಸ್ವಲ್ಪ ದಟ್ಟವಾಗಿ ಬರಲಿ ಎಂದು ಬೆಳಕನ್ನು ಒಂಚೂರು ಕಡಿಮೆ ಮಾಡಿ. ಬೇಗ ಮಾಡಿ, ಸೂರ್ಯ ಹುಟ್ಟಿ ಒಂದು ಗಂಟೆಯಾಗುವಷ್ಟರಲ್ಲಿ ನೆರಳು 4 ಪಟ್ಟಿಗೆ ಇಳಿದಿರುತ್ತದೆ, ಇಬ್ಬನಿಯೂ ಆರತೊಡಗುತ್ತದೆ. ಒಮ್ಮೆ ನಾನು ಮೊಬೈಲನ್ನು ಬಲಗೈಯಲ್ಲಿ ಹಿಡಿದು, ಕೈಯನ್ನು ಪಕ್ಕಕ್ಕೆ ಪೂರ್ತಿ ಚಾಚಿ ಒತ್ತಿದೆ. ಬರಿಗಣ್ಣಿಗೆ ಪ್ರಭೆ ಕಂಡದ್ದು ನನ್ನ ತಲೆಯ ಸುತ್ತ. ಫೋಟೊದಲ್ಲಿ ನೋಡಿದರೆ ನನ್ನ ತಲೆ ಬರೀ ಕಪ್ಪು ನೆರಳು. ಚಾಚಿದ ಕೈಯ ತುದಿಯಲ್ಲಿ, ಮೊಬೈಲಿನ ಪುಟ್ಟ ನೆರಳಿನ ಸುತ್ತ, ಹುರುಳಿ ಎಲೆಗಳು ಬೆಳಗುತ್ತಿದ್ದವು.