ಮೆಣಸಿನ ಸುಂಕ ಇಳಿದಾಗ ಸಂಸತ್ತು ಎಲ್ಲಿತ್ತು?

ಫೆಬ್ರವರಿ, ಮಾರ್ಚ್ ಬಂತೆಂದರೆ ಮೂಡಿಗೆರೆ, ಸಕಲೇಶಪುರದ ಕಣಗಳಲ್ಲಿ ಮೆಣಸು ಹರಡಿರುತ್ತದೆ. ಹಸಿರು ಕಾಳು ಬಿಸಿಲಿಗೆ ಕಪ್ಪಾಗಿ ಸುಕ್ಕುಗಟ್ಟುತ್ತದೆ. ಅದನ್ನು ಅಂಗೈಯಲ್ಲಿ ತಿಕ್ಕಿ ನೋಡುತ್ತಲೇ ಬೆಳೆಗಾರರು ವಿಯೆಟ್ನಾಂ ಮೆಣಸಿನ ಮಾತು ತೆಗೆಯುತ್ತಾರೆ. ಹೊರಗಿನ ಮೆಣಸಿಗೆ ಸುಂಕ ಇಳಿಸಲು ಸಂಸತ್ತು ಯಾವಾಗ ಒಪ್ಪಿತು ಎಂದು ಕೇಳುತ್ತಾರೆ. ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಕೇಳಲೇಬೇಕೆಂದು ಸಂವಿಧಾನದಲ್ಲಿಯೂ ಇಲ್ಲ.

ವಿದೇಶಗಳೊಡನೆ ಒಪ್ಪಂದ ಮಾಡಿಕೊಳ್ಳುವುದು ಕೇಂದ್ರ ಪಟ್ಟಿಯ 14ನೇ ವಿಷಯ. 73ನೇ ವಿಧಿಯ ಪ್ರಕಾರ ಆ ಅಧಿಕಾರವನ್ನು ಚಲಾಯಿಸುವುದು ಕೇಂದ್ರ ಸರ್ಕಾರ. ಹಾಗಾಗಿ ಸಚಿವ ಸಂಪುಟ ಒಪ್ಪಿದರೆ ಸಹಿ ಬೀಳುತ್ತದೆ. ಕೃಷಿ ರಾಜ್ಯಗಳ ವಿಷಯವಾದರೂ, ಒಪ್ಪಂದ ಜಾರಿಗಾಗಿ ಅದರ ಮೇಲೂ ಕಾನೂನು ಮಾಡುವ ಅಧಿಕಾರವನ್ನು 253ನೇ ವಿಧಿ ಸಂಸತ್ತಿಗೆ ಕೊಟ್ಟಿದೆ. ಕಾನೂನು ಯಾವಾಗ ಬೇಕು? 1969ರಲ್ಲಿ ಕಛ್ ಗಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರಿಸಿತು: ಒಪ್ಪಂದವು ನಾಗರಿಕರ ಹಕ್ಕನ್ನು ಮೊಟಕುಗೊಳಿಸಿದರೆ ಅಥವಾ ಇರುವ ಕಾನೂನನ್ನು ಬದಲಿಸಿದರೆ ಮಾತ್ರ.

ಸುಂಕ ಇಳಿಸಲು ಹೊಸ ಕಾನೂನೇ ಬೇಡ. 1962ರ ಸುಂಕ ಕಾಯ್ದೆಯ 25ನೇ ಸೆಕ್ಷನ್ ಅಧಿಸೂಚನೆ ಹೊರಡಿಸಿ ವಿನಾಯಿತಿ ಕೊಡುವ ಅಧಿಕಾರವನ್ನು ಸರ್ಕಾರಕ್ಕೆ ಮೊದಲೇ ಒಪ್ಪಿಸಿಬಿಟ್ಟಿದೆ. ಅಧಿಸೂಚನೆಯನ್ನು ಸದನದಲ್ಲಿ ಮಂಡಿಸುವುದು ಆಮೇಲಿನ ಮಾತು. 2009ರ ಆಗಸ್ಟ್ 13ರಂದು ಬ್ಯಾಂಕಾಕ್‌ನಲ್ಲಿ ಸಹಿಯಾದ ಆಸಿಯಾನ್ (ವಿಯೆಟ್ನಾಂ ಸೇರಿದಂತೆ ಆಗ್ನೇಯ ಏಷ್ಯಾ ದೇಶಗಳ ಕೂಟ) ಜೊತೆಗಿನ ವ್ಯಾಪಾರ ಒಪ್ಪಂದ 2010ರ ಜನವರಿ 1ರಂದು ಜಾರಿಗೆ ಬಂದದ್ದು ಹೀಗೆಯೇ. ಕೇರಳ ಸರ್ಕಾರ ಬಲವಾಗಿ ವಿರೋಧಿಸಿತ್ತು. ಆದರೂ ಮೆಣಸಿನ ಸುಂಕ ಶೇ 70ರಿಂದ 50ಕ್ಕೆ, ಕಾಫಿ, ಚಹಾ ಸುಂಕ ಶೇ 100ರಿಂದ 45ಕ್ಕೆ ಹಂತಹಂತವಾಗಿ ಇಳಿಯುವುದೆಂದು ನಿಗದಿಯಾಯಿತು. ಬಳ್ಳಿ ನೆಟ್ಟು ಫಸಲಿಗೆ ಮೂರು ನಾಲ್ಕು ವರ್ಷ ಕಾಯುವವನ ಬದುಕಿನ ಲೆಕ್ಕ, ಸಂಸತ್ತಿನ ಒಪ್ಪಿಗೆಯಿಲ್ಲದೆ ಬದಲಾಗುವುದು ಸರಿಯೆಂದು ನನಗೆ ಅನ್ನಿಸುವುದಿಲ್ಲ.

ಅಮೆರಿಕದಲ್ಲಿ ವಿದೇಶಿ ವ್ಯಾಪಾರದ ನಿಯಂತ್ರಣವನ್ನು ಸಂವಿಧಾನವೇ ಕಾಂಗ್ರೆಸ್ಸಿನ, ಅಂದರೆ ಅಲ್ಲಿನ ಸಂಸತ್ತಿನ, ಕೈಗೆ ಕೊಟ್ಟಿದೆ. 1974ರ ವ್ಯಾಪಾರ ಕಾಯ್ದೆಯ ನಂತರ ವ್ಯಾಪಾರ ಒಪ್ಪಂದಗಳಿಗೆ ತ್ವರಿತ ವಿಧಾನವೂ ಅಲ್ಲಿ ಬಂತು; ಕೊನೆಯ ಬಾರಿ ಅದರ ಅವಧಿ ಮುಗಿದದ್ದು 2021ರಲ್ಲಿ. ಅದರಲ್ಲಿ ತಿದ್ದುಪಡಿಗೆ ಅವಕಾಶವಿರಲಿಲ್ಲ, ಆದರೆ ಮತ ಹಾಕಲೇಬೇಕಿತ್ತು. ನಮ್ಮಲ್ಲಿ ನ್ಯಾಯಮೂರ್ತಿ ವೆಂಕಟಾಚಲಯ್ಯ ನೇತೃತ್ವದ ಸಂವಿಧಾನ ಪರಾಮರ್ಶೆ ಆಯೋಗ, ಒಪ್ಪಂದ ಮಾಡಿಕೊಳ್ಳುವ ಅಧಿಕಾರಕ್ಕೆ ಕಾನೂನಿನ ಚೌಕಟ್ಟು ಹಾಕಬೇಕೆಂದು 2002ರಲ್ಲಿಯೇ ಹೇಳಿತ್ತು. ಆ ಕಾನೂನು ಇನ್ನೂ ಬಂದಿಲ್ಲ.

ಮೆಣಸಿನ ದರ ಕುಸಿದು ಬೆಳೆಗಾರರು ಮೊರೆಯಿಟ್ಟಾಗ, 2017ರ ಡಿಸೆಂಬರ್‌ನಲ್ಲಿ ಆಮದು ಮೆಣಸಿಗೆ ಕೆ.ಜಿ.ಗೆ 500 ರೂಪಾಯಿ ಕನಿಷ್ಠ ದರ ನಿಗದಿಯಾಯಿತು. ಆ ಆಸರೆ ಸಿಕ್ಕಿದ್ದೂ ದೆಹಲಿಯ ಒಂದು ಅಧಿಸೂಚನೆಯಿಂದಲೇ.