ಹಸುಗೂಸಿನ ರಕ್ತದಲ್ಲಿ ಕೊಬ್ಬಿನ ಲೆಕ್ಕ

ಹೆರಿಗೆಯಾದ ಮೇಲೆ ಮಾಸಿನ ಕಡೆ ಉಳಿದ ಹೊಕ್ಕುಳಬಳ್ಳಿಯಿಂದ ಒಂದಿಷ್ಟು ರಕ್ತ ತೆಗೆದು ಕೊಲೆಸ್ಟ್ರಾಲ್ ಅಳೆದರೆ, ಡೆಸಿಲೀಟರಿಗೆ ಸುಮಾರು 60–70 ಮಿಲಿಗ್ರಾಂ ಸಿಗುತ್ತದೆ. ಅದೇ ಹೊತ್ತಿನಲ್ಲಿ ತಾಯಿಯ ರಕ್ತದಲ್ಲಿ ಅದು 200 ದಾಟಿರುವುದು ಸಾಮಾನ್ಯ. ಒಂಬತ್ತು ತಿಂಗಳು ಅವಳ ಒಡಲಲ್ಲೇ ಬೆಳೆದ ಕೂಸಿಗೆ ಇಷ್ಟು ಕಡಿಮೆ ಏಕೆ?

ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ತೇಲುವಂತೆ, ಕೊಲೆಸ್ಟ್ರಾಲಿನಂಥ ಕೊಬ್ಬು ರಕ್ತದಲ್ಲೂ ಬೆರೆಯುವುದಿಲ್ಲ. ಪ್ರೋಟೀನು ಸೇರಿದ ಹೊದಿಕೆಯೊಳಗೆ ಕೂತು ಸಣ್ಣ ಕಣಗಳಾಗಿ ಸಾಗುತ್ತದೆ. ದೊಡ್ಡವರಲ್ಲಿ ಕೊಲೆಸ್ಟ್ರಾಲಿನ ಹೆಚ್ಚು ಪಾಲನ್ನು ಹೊರುವುದು ಎಲ್‌ಡಿಎಲ್ ಕಣ. ಆಗತಾನೆ ಹುಟ್ಟಿದ ಮಗುವಿನಲ್ಲಿ ಅರ್ಧದಷ್ಟು ಹೊರೆ ಇನ್ನೊಂದು ಬಗೆಯ ಕಣವಾದ ಎಚ್‌ಡಿಎಲ್‌ನದು; ಎಲ್‌ಡಿಎಲ್ 30ರ ಆಸುಪಾಸಿನಲ್ಲಿರುತ್ತದೆ.

ಇದು ಕೊರತೆಯಲ್ಲ. ಗರ್ಭದಲ್ಲಿರುವ ಮಗುವಿನ ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರೀನಲ್ ಗ್ರಂಥಿಗಳು, ದೇಹದ ಗಾತ್ರಕ್ಕೆ ಹೋಲಿಸಿದರೆ, ದೊಡ್ಡವರದಕ್ಕಿಂತ ಹಲವು ಪಟ್ಟು ದೊಡ್ಡವು. ಅವು ರಕ್ತದಿಂದ ಎಲ್‌ಡಿಎಲ್ ಸೆಳೆದುಕೊಂಡು ಹಾರ್ಮೋನಿನ ಕಚ್ಚಾವಸ್ತು ತಯಾರಿಸಿ ಮಾಸಿಗೆ ಕಳಿಸುತ್ತವೆ. ಮಾಸು ಅದನ್ನು ಈಸ್ಟ್ರೊಜೆನ್ ಮಾಡುತ್ತದೆ. ಮೆದುಳು ಬೆಳೆಯದೆ ಹುಟ್ಟುವ ನತದೃಷ್ಟ ಶಿಶುಗಳಲ್ಲಿ ಈ ಗ್ರಂಥಿಗಳು ತೀರ ಚಿಕ್ಕವು, ಅವರ ಹೊಕ್ಕುಳಬಳ್ಳಿಯ ರಕ್ತದಲ್ಲಿ ಎಲ್‌ಡಿಎಲ್ ಹೆಚ್ಚು. ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಬೇಕಿಲ್ಲ. ಎಲ್‌ಡಿಎಲ್ ಅನ್ನು ಜೀವಕೋಶದೊಳಕ್ಕೆ ಎಳೆಯುವ ಗ್ರಾಹಕವನ್ನು (ರಿಸೆಪ್ಟರ್) ಗುರುತಿಸಿ 1985ರಲ್ಲಿ ನೊಬೆಲ್ ಪಡೆದ ವಿಜ್ಞಾನಿಗಳಾದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಕೂಡ, ಜೀವಕೋಶಗಳ ಪೋಷಣೆಗೆ ಡೆಸಿಲೀಟರಿಗೆ ಸುಮಾರು 25 ಮಿಲಿಗ್ರಾಂ ಎಲ್‌ಡಿಎಲ್ ಸಾಕು ಎಂದಿದ್ದರು.

ಹುಟ್ಟಿದ ಮೇಲೆ ಎರಡೂ ಕಡೆಯಿಂದ ಲೆಕ್ಕ ಬದಲಾಗುತ್ತದೆ. ಅಡ್ರೀನಲ್‌ನ ಗರ್ಭದಲ್ಲಿ ದೊಡ್ಡದಾಗಿ ಬೆಳೆದಿದ್ದ ಭಾಗ ಕೆಲವು ವಾರಗಳಲ್ಲಿ ಕುಗ್ಗಿ ಹೋಗುತ್ತದೆ. ಇತ್ತ ಎದೆಹಾಲು ಬರುತ್ತದೆ. ಅದರ ಶಕ್ತಿಯಲ್ಲಿ ಅರ್ಧದಷ್ಟು ಕೊಬ್ಬಿನದೇ. ಮಗುವಿನ ಮೇದೋಜೀರಕ ಇನ್ನೂ ಕೊಬ್ಬನ್ನು ಚೆನ್ನಾಗಿ ಅರಗಿಸಲಾರದು, ಅದಕ್ಕೆಂದೇ ಹಾಲು ಕೊಬ್ಬು ಒಡೆಯುವ ಕಿಣ್ವವನ್ನೂ ಜೊತೆಯಲ್ಲೇ ತರುತ್ತದೆ. ತಾಯ್ತನದ ಈ ಏರ್ಪಾಡಿಗೆ ನಾನು ಪ್ರತಿ ಸಲವೂ ಬೆರಗಾಗುತ್ತೇನೆ. ಹೊಟ್ಟೆ ತುಂಬ ಕುಡಿದ ಕೂಸಿನ ರಕ್ತವನ್ನು ನಳಿಕೆಯಲ್ಲಿ ಹಾಕಿ ಯಂತ್ರದಲ್ಲಿ ವೇಗವಾಗಿ ಸುತ್ತಿಸಿದರೆ, ಮೇಲೆ ನಿಲ್ಲುವ ತಿಳಿಯು ಹಾಲು ಬೆರೆಸಿದ ನೀರಿನಂತೆ ಮಸುಕಾಗಿರಬಹುದು. ಕೊಲೆಸ್ಟ್ರಾಲ್ ಕೆಲವೇ ದಿನಗಳಲ್ಲಿ ಏರತೊಡಗುತ್ತದೆ.

ಈ ಏರಿಕೆಗೆ ಹೆದರಿ ಎರಡು ವರ್ಷದೊಳಗಿನ ಮಗುವಿಗೆ ಕೆನೆ ತೆಗೆದ ಹಾಲು ಕೊಡಬೇಡಿ. ಬೆಳೆಯುವ ಮೆದುಳಿಗೆ ಕೊಬ್ಬು ಬೇಕು. ಆದರೆ ಮನೆತನದಲ್ಲಿ ಎಳೆಯ ವಯಸ್ಸಿಗೇ ಹೃದಯಾಘಾತವಾದವರಿದ್ದರೆ, ಹುಟ್ಟಿದಾಗಿನ ಕಡಿಮೆ ಅಂಕಿಯನ್ನು ನಂಬಿ ಕೂರಬಾರದು. ಕೊಲೆಸ್ಟ್ರಾಲ್ ಏರಿಸುವ, ವಂಶದಿಂದ ಬರುವ ದೋಷ ಹೊಕ್ಕುಳಬಳ್ಳಿಯ ರಕ್ತದಲ್ಲಿ ಸರಿಯಾಗಿ ತಿಳಿಯುವುದಿಲ್ಲ. ಎರಡು ವರ್ಷ ತುಂಬಿದ ಮೇಲೆ ಮಕ್ಕಳ ವೈದ್ಯರನ್ನು ಕೇಳಿ ಒಮ್ಮೆ ಪರೀಕ್ಷೆ ಮಾಡಿಸಿ.